ಬೆಂಕಿ ಮುಟ್ಟದ ಬಾಣಂತನ

೧೯೩೬ರಲ್ಲಿ ನಾನು ಕಂಪ್ಲಿಯ ಒಂದು ಸಣ್ಣ ಡಿಸ್ಪೆನ್ಸರಿಯಲ್ಲಿ ಮಿಡ್‌ವೈಫ್ ಆಗಿದ್ದೆ. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮದ್ರಾಸಿನಲ್ಲಿ ತರಬೇತಿ ಮುಗಿಸಿ, ಹೊಸಪೇಟೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಅಲ್ಲಿಂದ ವರ್ಗವಾಗಿ ಬಂದಿದ್ದೆ. ಊರಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವುದು, ಆಮೇಲೆ ಕೆಲವು ವಾರ ತಾಯಿಮಗುವನ್ನು ನೋಡಿಕೊಂಡು ಬರುವುದು ನನ್ನ ಕೆಲಸ. ನನ್ನ ಚೀಲದಲ್ಲಿ ಒಂದು ಸ್ಪ್ರಿಂಗ್ ಬ್ಯಾಲೆನ್ಸ್ ಇರುತ್ತಿತ್ತು. ಅದರ ಕೊಕ್ಕೆಗೆ ಬಟ್ಟೆಯ ಜೋಳಿಗೆ ಕಟ್ಟಿ, ಮಗುವನ್ನು ಅದರಲ್ಲಿ ಮಲಗಿಸಿದರೆ ಮುಳ್ಳು ತೂಕ ತೋರಿಸುತ್ತಿತ್ತು. ಮಗುವನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂದು ಹೆಂಗಸರು ಹೆದರುತ್ತಿದ್ದರು. ಅದಕ್ಕೆ ನಾನೇ ಮೊದಲು ಮಗುವಿನ ಗಲ್ಲಕ್ಕೆ ಕಾಡಿಗೆ ಹಚ್ಚಿ, ಆಮೇಲೆ ತೂಗುವುದನ್ನು ರೂಢಿ ಮಾಡಿಕೊಂಡಿದ್ದೆ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಕಾಲುವೆಯ ದಂಡೆಯ ಕಬ್ಬಿನ ಹೊಲಗಳ ಕಡೆಯಿಂದ ಬಸಪ್ಪ ಎಂಬ ರೈತ ಗಾಡಿ ಹೂಡಿಕೊಂಡು ನನ್ನನ್ನು ಕರೆಯಲು ಬಂದ. ಅವನ ಹೆಂಡತಿ ಹಂಪಮ್ಮನಿಗೆ ನೋವು ಶುರುವಾಗಿತ್ತು. ಹೆರಿಗೆ ಕಷ್ಟದ್ದೇನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ತೂಕ ಆರೂವರೆ ಪೌಂಡ್, ಅಂದರೆ ಸುಮಾರು ಮೂರು ಕಿಲೋ. ಹಂಪಮ್ಮ ಇಪ್ಪತ್ತರ ಆಸುಪಾಸಿನ ಹೆಂಗಸು, ಗಟ್ಟಿ ಮೈಕಟ್ಟು. ನೋವು ತಿನ್ನುವಾಗ ಕೂಗಲಿಲ್ಲ. ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಲೇ ಇದ್ದಳು. ದೇವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡೆ.

ನಮ್ಮ ಕಡೆಯ ಬಾಣಂತನವೆಂದರೆ ಬೆಂಕಿಯ ಸಹವಾಸ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಮೈ ಸುಡುವಂಥ ಎರಕೊಳ್ಳುವ ನೀರು, ಕೂದಲಿಗೆ ಲೋಬಾನದ ಹೊಗೆ. ಉಣ್ಣಲು ಬಿಸಿ ಜೋಳದ ರೊಟ್ಟಿ, ತುಪ್ಪ, ಹುರಿದ ಬೆಳ್ಳುಳ್ಳಿ, ಅಂಟು ಮತ್ತು ಬೆಲ್ಲ ಹಾಕಿ ಕಟ್ಟಿದ ಉಂಡೆ. ಕುಡಿಯಲು ಕಾಯಿಸಿದ ನೀರು, ಅದೂ ಅಳತೆಯಲ್ಲಿ. ತಂಪು ತಿಂದರೆ ಬಾಣಂತಿಗೆ ಸನ್ನಿ ಹಿಡಿಯುತ್ತದೆ ಎಂಬ ನಂಬಿಕೆ. ಅಗ್ಗಿಷ್ಟಿಕೆಯ ಹೊಗೆಯ ವಿಷಯದಲ್ಲಿ ನಾನು ಅತ್ತೆಯಂದಿರೊಡನೆ ಜಗಳ ಆಡಿದ್ದುಂಟು. ಆದರೆ ಊಟದ ಬಗ್ಗೆ ನನ್ನ ತಕರಾರು ಇರಲಿಲ್ಲ. ಹೊಟ್ಟೆ ತುಂಬ ಬಿಸಿ ಊಟ ಸಿಗುವ ಬಾಣಂತಿ ಪುಣ್ಯವಂತೆ.

ಐದನೆಯ ದಿನ ಹೋದಾಗ ಅಗ್ಗಿಷ್ಟಿಕೆ ತಣ್ಣಗಿತ್ತು. ಮೂಲೆಯಲ್ಲಿ ರೊಟ್ಟಿಯ ಮೇಲೆ ತಟ್ಟೆ ಮುಚ್ಚಿಟ್ಟಿದ್ದು ಹಾಗೇ ಇತ್ತು. ಹಂಪಮ್ಮನ ದಿಂಬಿನ ಪಕ್ಕ ಒಂದು ಸೌತೆಕಾಯಿಯ ತುಂಡು, ಒಂದಿಷ್ಟು ಹಸಿ ಶೇಂಗಾದ ಸಿಪ್ಪೆ. ಮಗುವನ್ನು ತೂಗಿದೆ. ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಮಕ್ಕಳ ತೂಕವೂ ಸ್ವಲ್ಪ ಇಳಿಯುತ್ತದೆ. ಇದು ಅದಕ್ಕಿಂತ ಹೆಚ್ಚು ಇಳಿದಿತ್ತು. ಮೊಲೆಗೆ ಹಾಕಿದರೆ ಒಂದೆರಡು ಸಲ ಚೀಪಿ, ಸಿಗದೆ ಅಳುತ್ತಿತ್ತು.

ಅತ್ತೆ ನೀಲಮ್ಮ ಬಾಗಿಲಲ್ಲೇ ನಿಂತು ತನ್ನ ಸಂಕಟ ತೋಡಿಕೊಂಡಳು. ಸೊಸೆ ಹೆತ್ತ ದಿನದಿಂದ ತಾನು ಮಾಡಿದ್ದು ಏನನ್ನೂ ಮುಟ್ಟುತ್ತಿಲ್ಲ, ಬಿಸಿನೀರಿನ ಸ್ನಾನಕ್ಕೂ ಬರುತ್ತಿಲ್ಲ, ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲ, ತನ್ನ ಕೈಯ ಅಡುಗೆ ಅವಳಿಗೆ ಸೇರುವುದಿಲ್ಲವೆಂದೇ ಇಷ್ಟೆಲ್ಲ ಎಂದು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಹಂಪಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಗದರಿಸಿ ನೋಡಿದೆ, ರಮಿಸಿ ನೋಡಿದೆ. ಏನೂ ಉಪಯೋಗವಾಗಲಿಲ್ಲ.

ನನ್ನನ್ನು ಕಾಲುವೆಯ ಏರಿಯವರೆಗೆ ಬಿಡಲು ಬಸಪ್ಪ ಬಂದ. ನಡೆಯುತ್ತಾ ತಾನಾಗಿ ಹೇಳಿದ. ಹಿಂದಿನ ವರ್ಷದ ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಆಲೆಮನೆಯಲ್ಲೇ ಇದ್ದರಂತೆ. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯ ಒಲೆಗೆ ಒಣಗಿದ ರವದಿ, ಅಂದರೆ ಕಬ್ಬಿನ ಗರಿ, ಹಾಕುವ ಕೆಲಸ ಹಂಪಮ್ಮನದು. ಪಕ್ಕದಲ್ಲೇ ರವದಿಯದೇ ಒಂದು ಗುಡಿಸಲು ಹಾಕಿದ್ದರು. ಅವರ ಮೊದಲ ಮಗು, ಎರಡು ವರ್ಷದ ಗಂಡು ಹುಡುಗ, ಅದರೊಳಗೆ ಮಲಗಿತ್ತು. ಮಧ್ಯಾಹ್ನದ ಗಾಳಿಗೆ ಒಲೆಯ ಕಿಡಿ ಹಾರಿ ಗುಡಿಸಲ ಮೇಲೆ ಬಿತ್ತು. ರವದಿ ಹೊತ್ತಿಕೊಂಡರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬೂದಿ.

“ಅವತ್ತಿಂದ ಮನ್ಯಾಗ ಆ ಮಾತು ಯಾರೂ ತಗ್ದಿಲ್ರಿ,” ಎಂದ ಬಸಪ್ಪ. “ಆಕೀನೂ ತಗ್ದಿಲ್ಲ, ನಮ್ಮವ್ವನೂ ತಗ್ದಿಲ್ಲ.”

ಮರುದಿನ ಡಿಸ್ಪೆನ್ಸರಿಯಿಂದ ಕಬ್ಬಿಣದ ಅಂಶದ ಮಿಕ್ಸ್‌ಚರ್ ತೆಗೆದುಕೊಂಡು ಹೋದೆ. ಹಂಪಮ್ಮನ ಕಣ್ಣಿನ ಒಳರೆಪ್ಪೆ ಬಿಳಿಚಿತ್ತು. ಅದು ಅನೀಮಿಯ, ರಕ್ತ ಕಡಿಮೆಯಾಗಿರುವ ಲಕ್ಷಣ. ನೀಲಮ್ಮ ಬಟ್ಟೆ ಒಗೆಯಲು ಹೋಗಿದ್ದಳು. ಬಾಟಲಿಯನ್ನು ಹಂಪಮ್ಮ ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಇದು ಬೆಂಕಿ ಮುಟ್ಟಿದೆಯೇ ಎಂದು ಕೇಳಿದಳು. ಇಲ್ಲ ಎಂದುಬಿಟ್ಟಿದ್ದರೆ ಕುಡಿಯುತ್ತಿದ್ದಳು. ಆ ಮುಖ ನೋಡಿಕೊಂಡು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಕಬ್ಬಿಣ ಬೆಂಕಿಯಿಂದಲೇ ಬರುತ್ತದೆ, ಮದ್ದಿನ ನೀರನ್ನೂ ಕಾಯಿಸಿರುತ್ತಾರೆ ಎಂದೆ. ಅವಳು ಬಾಟಲಿಯನ್ನು ಮೆಲ್ಲಗೆ ನನ್ನ ಕೈಗೆ ವಾಪಸು ಕೊಟ್ಟಳು. ಆಮೇಲೆ ಮೊದಲ ಸಲ ಕಾರಣ ಹೇಳಿದಳು.

“ಒಲಿಗೆ ರವದಿ ಹಾಕಾಕಿ ನಾನ ಇದ್ನೆರಿ ನರ್ಸಮ್ಮ. ನನ್ನ ಕೈಲೆ ಹಾಕಿದ ಬೆಂಕಿ ಅದು. ಮೊನ್ನೆ ಬ್ಯಾನಿ ತಿನ್ನಾಗ ಹುಲಿಗೆಮ್ಮಗ ಬೇಡ್ಕೊಂಡೀನ್ರಿ. ಈ ಕೂಸರ ನನಗ ಉಳಿಸಿಕೊಡವ್ವ, ಇದು ಎದ್ದು ನಡಿಯೋಮಟ ಬೆಂಕಿ ಮುಟ್ಟಿದ್ದು ಬಾಯಾಗ ಇಡಂಗಿಲ್ಲ ಅಂತ.”

ಅವಳು ಅಳಲಿಲ್ಲ. ಲೆಕ್ಕ ಚುಕ್ತಾ ಮಾಡುವವರ ಹಾಗೆ ಹೇಳಿ ಮುಗಿಸಿ, ಮಗುವನ್ನು ಎದೆಗೆ ಹಾಕಿಕೊಂಡಳು. ಈ ವಿಷಯವನ್ನು ಅತ್ತೆಗೆ ಹೇಳಲೇ ಎಂದು ಕೇಳಿದೆ. ಹೇಳುವುದಾದರೆ ನೀವೇ ಹೇಳಿರಿ, ನನ್ನಿಂದಾಗದು ಎಂದಳು.

ನಮ್ಮ ಡಾಕ್ಟರ್ ತೆಲುಗು ಮಾತಿನವರು, ನಿವೃತ್ತಿಗೆ ಹತ್ತಿರವಾಗಿದ್ದವರು. ನಾನು ಉದ್ವೇಗದಲ್ಲಿ ಎಲ್ಲವನ್ನೂ ಹೇಳಿ, ನೀವು ಬಂದು ಬೈದರೆ ಕೇಳಿಯಾಳು ಎಂದು ಬೇಡಿಕೊಂಡೆ. ಅವರು ಕನ್ನಡಕ ಒರೆಸುತ್ತಾ ಕೇಳಿಸಿಕೊಂಡರು. “ಹಸಿ ತಿಂದು ಬಾಣಂತಿ ಸಾಯುವುದಿಲ್ಲಮ್ಮ, ಅರೆಹೊಟ್ಟೆ ತಿಂದು ಸಾಯುತ್ತಾಳೆ. ಏನು ತಿನ್ನುವುದಿಲ್ಲ ಅನ್ನುವುದನ್ನು ಬಿಡು, ಏನು ತಿನ್ನುತ್ತಾಳೆ ಅದನ್ನು ಹೆಚ್ಚು ಮಾಡು,” ಎಂದರು. ಹಸಿ ತಿನ್ನುವುದರಲ್ಲಿ ಮುಖ್ಯ ಅಪಾಯ ತೊಳೆಯುವ ನೀರಿನದು ಎಂದೂ ಎಚ್ಚರಿಸಿದರು. ಹಸಿ ಹಾಲು ಮಾತ್ರ ಬೇಡವೇ ಬೇಡ ಎಂದರು. ಸೊಪ್ಪು ತರಕಾರಿ ತೊಳೆಯಲು ಒಂದು ಪೊಟ್ಟಣ ಪರ್ಮಾಂಗನೇಟ್ ಕೊಟ್ಟರು. ನೀರಿಗೆ ಚಿಟಿಕೆ ಹಾಕಿದರೆ ಗುಲಾಬಿ ಬಣ್ಣ ಬರುವ, ರೋಗದ ಕ್ರಿಮಿಗಳನ್ನು ಕೊಲ್ಲುವ ಪುಡಿ ಅದು.

ನೀಲಮ್ಮನಿಗೆ ವಿಷಯ ತಿಳಿಸಿದ್ದು ಹಿತ್ತಲಲ್ಲಿ. ಹರಕೆಯ ಮಾತು ಹೇಳುತ್ತಿದ್ದಂತೆ ಅವಳು ಕೆಳಗೆ ಕುಳಿತುಬಿಟ್ಟಳು. ಹಾಗಾದರೆ ತನ್ನ ಅಡುಗೆಯ ಮೇಲಿನ ಸಿಟ್ಟಲ್ಲವೇ ಎಂದು ಮಾತ್ರ ಕೇಳಿದಳು. ಅಲ್ಲ ಎಂದೆ. ಎದ್ದು ಒಳಗೆ ಹೋಗಿ, ಮಂಚದ ಕೆಳಗಿನ ಅಗ್ಗಿಷ್ಟಿಕೆಯನ್ನು ಎಳೆದು ತಂದು ಹಿತ್ತಲಿನ ಬೇಲಿಯ ಬದಿಗೆ ಮಗುಚಿಹಾಕಿದಳು.

ಮುಂದಿನ ಸಲ ಹೋದಾಗ ಒರಳಿನ ಸದ್ದು ಅಂಗಳಕ್ಕೇ ಕೇಳುತ್ತಿತ್ತು. ನೀಲಮ್ಮ ನೆನೆಸಿದ ಶೇಂಗಾ, ಹುರಿಯದ ಎಳ್ಳು, ಬೀಜ ತೆಗೆದ ಉತ್ತತ್ತಿ ಹಾಕಿ ಕುಟ್ಟುತ್ತಿದ್ದಳು. ಬೆಲ್ಲ ಹಾಕುವಂತಿಲ್ಲ, ಅದು ಹುಟ್ಟುವುದೇ ಬೆಂಕಿಯಲ್ಲಿ. ಸಿಹಿಗೆ ಉತ್ತತ್ತಿ, ಜೇನು, ಮಾಗಿದ ಬಾಳೆಹಣ್ಣು. ಕೊಬ್ಬರಿಯ ವಿಷಯದಲ್ಲಿ ಅವಳಿಗೆ ಅನುಮಾನ ಬಂದು, ಇದನ್ನು ಬಿಸಿಲಿನಲ್ಲಿ ಒಣಗಿಸಿದ್ದೋ ಹೊಗೆಯಲ್ಲೋ ಎಂದು ಕಂಪ್ಲಿಯ ಅಂಗಡಿಯವನನ್ನು ಪೇಟೆಯ ಮಧ್ಯೆ ತರಾಟೆಗೆ ತೆಗೆದುಕೊಂಡಿದ್ದಳಂತೆ. ಅವನಿಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೆ ಒಣಕೊಬ್ಬರಿ ಬಿಟ್ಟು ಹಸಿ ತೆಂಗಿನಕಾಯಿ ತಂದಿದ್ದಳು. ಮೊಳಕೆ ಬರಿಸಿದ ಹೆಸರು, ನೆನೆಸಿದ ಕಡಲೆ, ಮೂಲಂಗಿ, ಗಜ್ಜರಿ ತುರಿದು ಮಾಡಿದ ಪಚಡಿ, ಎಳೆಯ ಮೆಂತ್ಯ, ಹಕ್ಕರಕಿ ಸೊಪ್ಪು ಇವೆಲ್ಲ ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವಂಥವು. ಇಲ್ಲಿ ರೊಟ್ಟಿ ಬಿಟ್ಟು ಅವೇ ಊಟವಾದವು. ದಿನಕ್ಕೆ ಎರಡು ಸಲ ತಿನ್ನುವುದು ಸಾಲದು, ಐದಾರು ಸಲ ತಿನ್ನಬೇಕು, ಕಡಲೆ ಚೆನ್ನಾಗಿ ಅಗಿಯಬೇಕು ಎಂದು ಹೇಳಿಕೊಟ್ಟೆ. ಮೊದಮೊದಲು ಹಂಪಮ್ಮನಿಗೆ ಹೊಟ್ಟೆ ಉಬ್ಬರಿಸಿತು. ಕಡಲೆ ಕಡಿಮೆ ಮಾಡಿ ಬಾಳೆಹಣ್ಣು ಹೆಚ್ಚಿಸಿದೆವು. ಮಗುವಿನ ತೂಕ ಒಂದು ವಾರ ನಿಂತಲ್ಲೇ ನಿಂತು, ಆಮೇಲೆ ಏರತೊಡಗಿತು. ಯುಗಾದಿ ಕಳೆದು ಎರಡು ವಾರವಾಗುವ ಹೊತ್ತಿಗೆ ಎಂಟು ಪೌಂಡ್ ದಾಟಿತ್ತು. ಬಾಣಂತಿ ತಂಪು ತಿಂದು ಕೂಸನ್ನು ಕೊಲ್ಲುತ್ತಾಳೆ ಎಂದು ಆಡಿಕೊಳ್ಳುತ್ತಿದ್ದ ಓಣಿಯವರು ಮಗುವನ್ನು ನೋಡಲೆಂದೇ ಬರತೊಡಗಿದರು.

ಇದು ಸರಿಯಾದ ಬಾಣಂತನದ ಊಟ ಎಂದು ನಾನು ಯಾರಿಗೂ ಹೇಳಲಿಲ್ಲ, ಇಂದಿಗೂ ಹೇಳುವುದಿಲ್ಲ. ಅವಳ ರೆಪ್ಪೆಯ ಬಿಳಿಚು ಪೂರ್ತಿ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಸುಸ್ತಾಗುತ್ತಿದ್ದಳು. ಒಂದು ಹಿಡಿ ಬೇಯಿಸಿದ ಬೇಳೆ, ಒಂದು ಲೋಟ ಕಾಯಿಸಿದ ಹಾಲು ಸೇರಿದ್ದರೆ ಎಷ್ಟು ಸುಲಭವಾಗುತ್ತಿತ್ತೋ. ಆದರೆ ಹಾಲು ಇತ್ತು, ಮಗು ಬೆಳೆಯುತ್ತಿತ್ತು. ಅಷ್ಟಕ್ಕೆ ತೃಪ್ತಿಪಟ್ಟುಕೊಂಡಿದ್ದೆ.

ಬೇಸಿಗೆ ಏರಿದಾಗ ಕಾಲುವೆಯ ಮೇಲ್ಭಾಗದ ಒಂದು ಹಳ್ಳಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಕಾಲರಾ. ಅಲ್ಲಿ ಬಟ್ಟೆ ಒಗೆದ ನೀರೇ ಹರಿದು ನಮ್ಮ ಕಡೆ ಬರುತ್ತಿತ್ತು. ನೀರು ಕಾಯಿಸಿ ಕುಡಿಯಿರಿ ಎಂದು ಊರೂರಿಗೆ ಡಂಗುರ ಸಾರಿದರು. ಹಂಪಮ್ಮನ ಮುಖ ನನ್ನ ಕಣ್ಣ ಮುಂದೆ ಬಂತು. ಹಾಲೂಡಿಸುವ ತಾಯಿಗೆ ಆ ಬಿಸಿಲಿನಲ್ಲಿ ಎಷ್ಟು ನೀರಾದರೂ ಸಾಲದು. ಓಡಿ ಹೋಗಿ ಹೇಳಿದರೆ, ಕಾಯಿಸಿದ ನೀರೂ ಬೆಂಕಿ ಮುಟ್ಟಿದ್ದೇ ಅಲ್ಲವೇನ್ರಿ ಎಂದಳು. ಹೆಲ್ತ್ ಇನ್‌ಸ್ಪೆಕ್ಟರರಿಗೆ ಹೇಳಿ, ಅವರ ಹೊಲದ ಪಕ್ಕದ ಬಾವಿಗೆ ಪರ್ಮಾಂಗನೇಟ್ ಹಾಕಿಸಿದೆ. ಗುಲಾಬಿ ನೀರನ್ನು ನೋಡಿ, ಈ ಪುಡಿ ಹೇಗೆ ಮಾಡುತ್ತಾರೆ, ಬೆಂಕಿ ಮುಟ್ಟಿದೆಯೇ ಎಂದು ಅವಳು ಕೇಳಿದಳು. ನನಗೆ ನಿಜವಾಗಿ ಗೊತ್ತಿಲ್ಲ ಎಂದೆ. ಸ್ವಲ್ಪ ಯೋಚಿಸಿ, ಗೊತ್ತಿಲ್ಲದ್ದು ತಪ್ಪಲ್ಲ ಎಂದು ಕುಡಿದಳು. ಬಸಪ್ಪ ಎಳನೀರು ತರುತ್ತಿದ್ದ. ಹೀಗೆ ಕೆಲವು ದಿನ ನಡೆಯಿತು. ಅಷ್ಟರಲ್ಲಿ ಬಾವಿಯ ನೀರು ತಳ ಕಂಡಿತು.

ಒಂದು ಬೆಳಿಗ್ಗೆ ಆ ಓಣಿಯ ಹೆಂಗಸೊಬ್ಬಳು ಡಿಸ್ಪೆನ್ಸರಿಗೆ ಬಂದು, ನೀಲಮ್ಮನಿಗೆ ಭೇದಿ ಹತ್ತಿದೆ ಎಂದಳು. ಬಟ್ಟೆ ಒಗೆಯಲು ಹೋದವಳು ಬಾಯಾರಿ ಕಾಲುವೆಯ ನೀರನ್ನೇ ಬೊಗಸೆಯಲ್ಲಿ ಕುಡಿದಿದ್ದಳಂತೆ. ಬಸಪ್ಪ ಬೆಲ್ಲದ ಗಾಡಿ ಹೊಡೆದುಕೊಂಡು ಹೊಸಪೇಟೆಗೆ ಹೋಗಿದ್ದ. ಡಾಕ್ಟರ್ ಬೇರೆ ಹಳ್ಳಿಯಲ್ಲಿದ್ದರು. ಸಲೈನ್, ಅಂದರೆ ಉಪ್ಪುನೀರನ್ನು ನರದೊಳಗೆ ಹರಿಸುವ ಸಾಮಾನು ಅವರ ಬಳಿ ಮಾತ್ರ ಇತ್ತು. ಅವರಿಗೆ ಹೇಳಿ ಕಳಿಸಿ ನಾನು ಮುಂದೆ ನಡೆದೆ.

ದಾರಿಯುದ್ದಕ್ಕೂ ನನಗೆ ಇದ್ದ ಹೆದರಿಕೆ ಮಗುವಿನದು. ಮನೆಯಲ್ಲಿ ರೋಗ, ಬಾವಿಯಲ್ಲಿ ಕೆಸರು, ತಾಯಿ ಕಾಯಿಸಿದ ನೀರು ಕುಡಿಯುವುದಿಲ್ಲ. ಮಗುವನ್ನು ಎತ್ತಿಕೊಂಡು ತವರಿಗೆ ಹೋಗು ಎಂದು ಹೇಳಬೇಕೆಂದುಕೊಂಡೆ. ಹೋಗಿ ನೋಡಿದರೆ ಒಲೆ ಉರಿಯುತ್ತಿತ್ತು. ಹಂಪಮ್ಮ ತಾನೇ ಹಚ್ಚಿದ್ದಳು. ಮಗುವನ್ನು ನೆರೆಮನೆಯವಳ ಕೈಗೆ ಕೊಟ್ಟು, ಒಲೆಯಿಂದ ಮಾರುದೂರ ಸರಿದು ಗೋಡೆಗೆ ಬೆನ್ನು ಒತ್ತಿಕೊಂಡು ಕುಳಿತಿದ್ದಳು. ಅತ್ತೆಗೆ ಕಾಯಿಸಿದ ನೀರೇ ಕೊಡಬೇಕೆಂದು ಡಂಗುರದವರು ಹೇಳಿದ್ದರಲ್ಲ ಎಂದಳು. ನಾನೇ ಗಡಿಗೆ ಇಳಿಸಿ, ಉಪ್ಪು ಹಾಕಿ, ಆರಿಸಿ ತಂಬಿಗೆಗೆ ತುಂಬಿದೆ. ಅವಳಿಗೆ ತವರಿಗೆ ಹೋಗೆಂದು ಹೇಳಿದೆ. ಅತ್ತೆಯನ್ನು ಹೀಗೆ ಬಿಟ್ಟು ಎಲ್ಲಿಗೆ ಹೋಗಲಿ ಎಂದಳು.

ನೀಲಮ್ಮನ ಕಣ್ಣುಗಳು ಗುಳಿಬಿದ್ದಿದ್ದವು. ದನಿ ಪಿಸುಮಾತಾಗಿತ್ತು. ಕಾಲರಾದಲ್ಲಿ ಮೈಯ ನೀರೆಲ್ಲ ಹೋಗುತ್ತದೆ, ಗುಟುಕು ಗುಟುಕಾಗಿ ಒಳಗೆ ಹಾಕದಿದ್ದರೆ ಕೆಲವೇ ಗಂಟೆಯ ಮಾತು. ಹಂಪಮ್ಮ ತಂಬಿಗೆಯನ್ನು ಬಾಯಿಗೆ ಹಿಡಿದಳು. ಮುದುಕಿ ತುಟಿ ಬಿಗಿ ಹಿಡಿದು ಮುಖ ತಿರುಗಿಸಿದಳು. ವಾಂತಿಯ ಹೆದರಿಕೆ ಎಂದುಕೊಂಡು ನಾನು ಚಮಚ ತೆಗೆದುಕೊಂಡೆ. ಅದನ್ನೂ ಕೈಯಿಂದ ಸರಿಸಿದಳು.

“ಮೊದಲ ನೀ ಕುಡಿ,” ಎಂದಳು ಸೊಸೆಗೆ. “ನೀ ಕುಡಿದ ಮ್ಯಾಲ ನಾ ಕುಡಿತೀನಿ.”

ಹಂಪಮ್ಮ ತಂಬಿಗೆ ಹಿಡಿದುಕೊಂಡೇ ಕುಳಿತಳು. ಹರಕೆ ಮುರಿಸಬ್ಯಾಡ ಅತ್ತಿ, ಕೂಸಿನ ಮ್ಯಾಲ ಬರತೈತಿ ಎಂದು ಗೋಗರೆದಳು. ನೀಲಮ್ಮ ಉಸಿರು ಕೂಡಿಸಿಕೊಂಡು ಹೇಳಿದಳು.

“ಆ ತಾಯಿಗೆ ಸಿಟ್ಟು ಬಂದ್ರ ನನ್ನ ಮ್ಯಾಲ ಬರಲಿ, ನಾ ಹೇಳೀನಿ ಅಂತ ಹೇಳು. ಅವತ್ತು ಹುಡುಗನ್ನ ಆ ಗುಡಿಸಲದಾಗ ಮಲಗಿಸಿದಾಕಿ ನಾನು. ನೀ ಮರದ ಕೆಳಗ ಹಾಕು ಅಂದಿ, ಬಿಸಲ ಹತ್ತತೈತಿ ಅಂತ ನಾ ಒಳಗ ಒಯ್ದೆ. ನೀ ಒಬ್ಬಾಕೆ ಯಾಕ ದಂಡ ಕಟ್ಟತಿ? ಕುಡಿ.”

ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಹಂಪಮ್ಮ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಮುದುಕಿಯ ನಾಡಿ ನನ್ನ ಬೆರಳ ಕೆಳಗೆ ದಾರದಂತೆ ಸಣ್ಣಗಾಗುತ್ತಿತ್ತು. ಆಗ ಹಂಪಮ್ಮ ತಂಬಿಗೆ ಎತ್ತಿ ಕುಡಿದಳು, ಒಂದು ಗುಟುಕಲ್ಲ, ಅರ್ಧ ತಂಬಿಗೆ. ಬಾಯಿ ಒರೆಸಿಕೊಂಡು, ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಚಮಚದಿಂದ ಹನಿ ಹನಿಯಾಗಿ ಹಾಕತೊಡಗಿದಳು. ಆಗ ಅವಳು ಅತ್ತಳು. ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರ್ ಬಂದು ಸಲೈನ್ ಏರಿಸಿದರು. ಅಷ್ಟು ಹೊತ್ತು ಜೀವ ಹಿಡಿದದ್ದು ಒಳಗೆ ಹೋದ ಆ ನೀರಿನಿಂದ ಎಂದರು. ಪ್ರತಿ ಸಲ ಮಗುವನ್ನು ಮುಟ್ಟುವ ಮೊದಲು ಹಂಪಮ್ಮ ಸೋಪು ಹಚ್ಚಿ ಕೈ ತೊಳೆಯುವುದನ್ನು ನಾನು ನಿಂತು ನೋಡಿದೆ. ಆ ಓಣಿಯಲ್ಲಿ ಆ ಬೇಸಿಗೆ ಇಬ್ಬರು ತೀರಿಕೊಂಡರು. ನೀಲಮ್ಮ ಉಳಿದಳು. ಮಗುವಿಗೆ ಏನೂ ಆಗಲಿಲ್ಲ.

ಹರಕೆ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಹಂಪಮ್ಮ ಹಾಗೆ ತಿಳಿಯಲಿಲ್ಲ. “ನೀರಿಗಷ್ಟ ಮಾಫಿ ಕೇಳೀನ್ರಿ, ಊಟಕ್ಕಲ್ಲ,” ಎಂದಳು. ನೀರು ಕಾಯಿಸಿ ಆರಿಸಿ ಕುಡಿಯುತ್ತಿದ್ದಳು, ಉಳಿದಂತೆ ಹಸಿ ಊಟವೇ. ನಾನು ಕೇಳಿಕೊಂಡ ಮೇಲೆ ಕಬ್ಬಿಣದ ಮಿಕ್ಸ್‌ಚರನ್ನು ನೀರಿನ ಲೆಕ್ಕಕ್ಕೆ ಸೇರಿಸಿ ಕುಡಿಯಲು ಒಪ್ಪಿದಳು. ರೆಪ್ಪೆಗೆ ಕೆಂಪು ಬಂತು. ಮಗುವಿಗೆ ಆರು ತಿಂಗಳಾದಾಗ ಮೆತ್ತಗೆ ಬೇಯಿಸಿದ ಅನ್ನವನ್ನು ತಾನೇ ಕಲಸಿ ತಿನ್ನಿಸಿದಳು. ಹರಕೆ ತನ್ನದು, ಕೂಸಿನದಲ್ಲ ಎಂದಳು. ನೀಲಮ್ಮ ಒರಳಿನ ಮುಂದೆ ಕೂರುವುದನ್ನು ಬಿಡಲಿಲ್ಲ. ಅತ್ತೆ ಸೊಸೆ ಇಬ್ಬರೂ ಈಗ ತೀರಿಕೊಂಡ ಹುಡುಗನ ಹೆಸರು ಹೇಳುತ್ತಿದ್ದರು. ಹನುಮಂತ ಹಿಂಗ ನಗ್ತಿದ್ದ, ಹನುಮಂತಗ ಬಾಳೆಹಣ್ಣು ಅಂದ್ರ ಜೀವ ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ಮಗು ತನ್ನ ಮೊದಲ ವರ್ಷ ತುಂಬುವ ಮುಂಚೆಯೇ ಗೋಡೆ ಬಿಟ್ಟು ನಡೆಯಿತು. ಆ ವಾರ ನನ್ನನ್ನು ಊಟಕ್ಕೆ ಕರೆದರು. ನೀಲಮ್ಮ ಹಂಚಿನಿಂದ ತೆಗೆದ ರೊಟ್ಟಿಯನ್ನು ನೇರವಾಗಿ ಸೊಸೆಯ ತಟ್ಟೆಗೆ ಹಾಕಿದಳು. ಹಂಪಮ್ಮ ಮುರಿದು ಬಾಯಿಗಿಟ್ಟು, ನಾಲಿಗೆ ಸುಟ್ಟುಕೊಂಡು ನಕ್ಕಳು.

ಆಮೇಲೆ ನಾನು ಸಂಡೂರಿಗೆ, ಮತ್ತೆ ಹೊಸಪೇಟೆಗೆ ವರ್ಗವಾದೆ. ಎಷ್ಟೋ ಹೆರಿಗೆ ಮಾಡಿಸಿದೆ. ತರಬೇತಿಯಲ್ಲಿ ನಮಗೆ ತಾಯಿಯನ್ನೂ ಮಗುವನ್ನೂ ನೋಡುವುದನ್ನು ಕಲಿಸಿದ್ದರು. ಅತ್ತೆಯಂದಿರೆಂದರೆ ನಮ್ಮ ಕೆಲಸಕ್ಕೆ ಅಡ್ಡ ಬರುವವರು ಎಂದು ಮಿಡ್‌ವೈಫ್‌ಗಳು ನಾವು ನಾವೇ ಮಾತಾಡಿಕೊಳ್ಳುತ್ತಿದ್ದೆವು. ಆದರೆ ಹಂಪಮ್ಮನ ಹರಕೆಯ ಬಿಗಿ ಮೊದಲು ಸಡಿಲಿದ್ದು ನನ್ನ ಮದ್ದಿನಿಂದಲೂ ಅಲ್ಲ, ಬುದ್ಧಿಮಾತಿನಿಂದಲೂ ಅಲ್ಲ. ಅವಳಷ್ಟೇ ನೊಂದ ಇನ್ನೊಬ್ಬಳ ಮಾತಿನಿಂದ. ಒಂದು ಮನೆಯಲ್ಲಿ ನೋವು ಒಬ್ಬರಲ್ಲೇ ಇರುವುದಿಲ್ಲ, ಆರೈಕೆಯೂ ನಾವು ಹುಡುಕುವ ಕಡೆಯೇ ಸಿಗುವುದಿಲ್ಲ. ಅದಾದ ಮೇಲೆ ಯಾವ ಮನೆಗೆ ಕಾಲಿಟ್ಟರೂ, ಚೀಲ ಬಿಚ್ಚುವ ಮೊದಲು, ಈ ಮನೆಯ ಹಿರಿಯಾಕೆ ಎಲ್ಲಿದ್ದಾಳೆ ಎಂದು ಕೇಳುತ್ತಿದ್ದೆ. ಹೋಗಿ ಆಕೆಯ ಪಕ್ಕದಲ್ಲಿ ಕುಳಿತರೆ, ಆಕೆಯ ಮಾತು ಮುಗಿಯುವವರೆಗೆ ಏಳುತ್ತಿರಲಿಲ್ಲ.